ಸೆಕೆಂಡ್ ಹ್ಯಾಂಡ್ ಫಿಶ್ ಟ್ಯಾಂಕಿನ ಹಟಮಾರಿ ಕಲೆ: ವಿನೆಗರ್, ನಿಂಬೆ ಉಪ್ಪು, ಬ್ಲೇಡ್, ಬ್ಲೀಚ್ — ಯಾವುದು ಎಲ್ಲಿಗೆ?

ಎರಡಡಿ ಟ್ಯಾಂಕೊಂದು ಅರ್ಧ ಬೆಲೆಗೆ ಸಿಕ್ಕಿದೆ ಅಂದುಕೊಳ್ಳಿ. ಮೇಲಂಚಿನಿಂದ ಎರಡು ಇಂಚು ಕೆಳಗೆ ಸುತ್ತಲೂ ಬಿಳಿ ಪಟ್ಟಿ. ಹಿಂದಿನ ಗಾಜಿನ ಮೇಲೆ ಒಣಗಿ ಕಚ್ಚಿಕೊಂಡ ಹಸಿರು ಚುಕ್ಕೆಗಳು. ಮೂಲೆಯಲ್ಲಿ ಗಾಜುಗಳನ್ನು ಅಂಟಿಸಿದ ಸಿಲಿಕೋನ್ ಕಪ್ಪಾಗಿದೆ. ಒಳಗೆ ಕೈಯಿಟ್ಟು ಉಜ್ಜಿದರೆ ಸ್ಕ್ರಬ್ಬರ್ ಸವೆಯುತ್ತದೆ, ಕಲೆ ಕದಲುವುದಿಲ್ಲ. ಹೆಚ್ಚಿನವರು ಈ ಹಂತದಲ್ಲಿ ‘ಇನ್ನೂ ಸ್ಟ್ರಾಂಗ್ ಆದದ್ದು ಏನಿದೆ’ ಎಂದು ಹುಡುಕತೊಡಗುತ್ತಾರೆ. ತಪ್ಪುವುದು ಇಲ್ಲೇ. ಆ ಮೂರು ಕಲೆಗಳು ಮೂರು ಬೇರೆ ಪದಾರ್ಥ. ಸುಣ್ಣ ಹುಳಿಗೆ ಕರಗುತ್ತದೆ, ಬ್ಲೀಚಿಗೆ ಜಗ್ಗುವುದಿಲ್ಲ. ಪಾಚಿ ಬ್ಲೀಚಿಗೆ ಸಾಯುತ್ತದೆ, ವಿನೆಗರಿಗೆ ಅಷ್ಟೇನೂ ಬಗ್ಗುವುದಿಲ್ಲ. ಗಾಜಿನ ಮೇಲಿನ ಗೀರು ಯಾವುದಕ್ಕೂ ಹೋಗುವುದಿಲ್ಲ.

ಮೊದಲು ಕಲೆ ಯಾವುದೆಂದು ತಿಳಿಯಿರಿ

ಒಣಗಿದ ಬಿಳಿ ಪದರದ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ಒಂದು ನಿಮಿಷ ಹತ್ತಿರದಿಂದ ನೋಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗುಳ್ಳೆ ಬಾರದಿದ್ದರೆ ಉಗುರಿನಿಂದ ಒಂದಿಷ್ಟು ಪುಡಿ ಕೆರೆದು ಆ ಪುಡಿಯ ಮೇಲೆ ಇನ್ನೊಮ್ಮೆ ಹಾಕಿ ನೋಡಿ. ಆಗಲೂ ಸುಮ್ಮನಿದ್ದರೆ ಅದು ಹುಳಿಗೆ ಕರಗದ ಜಾತಿಯದು: ಸಿಲಿಕೇಟ್ ಇರಬಹುದು, ಜಿಪ್ಸಂ ಇರಬಹುದು. ಅಂಥದ್ದಕ್ಕೆ ಬ್ಲೇಡೇ ಗತಿ.

ಎರಡನೇ ಪರೀಕ್ಷೆ ನೀರಿನದು. ಮಸುಕಾದ ಜಾಗವನ್ನು ಒದ್ದೆ ಮಾಡಿ. ಒದ್ದೆಯಿದ್ದಾಗ ಮಾಯವಾಗಿ, ಒಣಗಿದ ಕೂಡಲೇ ಮತ್ತೆ ಕಾಣಿಸಿಕೊಂಡು, ವಿನೆಗರಿಗೂ ಗುಳ್ಳೆ ಬರದೆ, ಬ್ಲೇಡಿಗೂ ಏನೂ ಸಿಗದೆ ಹೋದರೆ ಅದು ಕಲೆಯಲ್ಲ. ಗಾಜೇ ಸವೆದಿದೆ ಅಥವಾ ಗೀರಿದೆ. ಅದರ ಹಿಂದೆ ಬಿದ್ದು ಒಂದು ಭಾನುವಾರ ಹಾಳು ಮಾಡಿಕೊಳ್ಳಬೇಡಿ. ನೀರು ತುಂಬಿದ ಮೇಲೆ ಒಳಗಿನ ಸಣ್ಣ ಗೀರು ಮುಕ್ಕಾಲು ಪಾಲು ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಬೆಳಕು ಬಾಗುವ ಲೆಕ್ಕದಲ್ಲಿ ಗಾಜಿಗೆ ಗಾಳಿಗಿಂತ ನೀರು ಹತ್ತಿರ.

ಟ್ಯಾಂಕ್ ಗಾಜಿನದೋ ಪ್ಲಾಸ್ಟಿಕ್ ಜಾತಿಯ ಅಕ್ರಿಲಿಕ್‌ನದೋ ಎಂಬುದನ್ನೂ ಈಗಲೇ ಖಾತ್ರಿ ಮಾಡಿಕೊಳ್ಳಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಾಜು ಟಣ್ ಎನ್ನುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಅಕ್ರಿಲಿಕ್ ಮಂದವಾಗಿ ಸದ್ದು ಮಾಡುತ್ತದೆ. ಅಕ್ರಿಲಿಕ್ ಆದರೆ ಈ ಬರಹದಲ್ಲಿ ಬ್ಲೇಡ್, ಸ್ಕ್ರಬ್ಬರ್, ಆಲ್ಕೋಹಾಲ್ ಬರುವ ಕಡೆಯೆಲ್ಲ ದಾಟಿಕೊಂಡು ಹೋಗಿ. ಬ್ಲೇಡ್ ತಾಗಿದರೆ ಗೀರು, ಆಲ್ಕೋಹಾಲ್ ತಾಗಿದರೆ ಕೂದಲೆಳೆಯಂಥ ಬಿರುಕು.

ಇಷ್ಟೊಂದು ಸುಣ್ಣ ಎಲ್ಲಿಂದ ಬಂತು?

ಬೋರ್‌ವೆಲ್ ನೀರಿನ ಮನೆಗಳಿಂದ ಬಂದ ಟ್ಯಾಂಕ್‌ಗಳಲ್ಲಿ ಈ ಪಟ್ಟಿ ದಪ್ಪ. ಕುಡಿಯುವ ನೀರಿನ ಗಡಸುತನಕ್ಕೆ (ಸುಣ್ಣದ ಲೆಕ್ಕದಲ್ಲಿ) ಭಾರತೀಯ ಮಾನದಂಡ ಲೀಟರಿಗೆ 200 ಮಿ.ಗ್ರಾಂ ಎನ್ನುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ ಒಪ್ಪುತ್ತದೆ. ನಡುವಿನ 400 ಹಿಡಿಯೋಣ. ಮುಚ್ಚಳವಿಲ್ಲದ ಎರಡಡಿ ಟ್ಯಾಂಕಿನಿಂದ ಸೆಕೆಯ ದಿನಗಳಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆರಿಹೋಗುತ್ತದೆ. ಹೋಗುವುದು ನೀರು ಮಾತ್ರ. ಅದರಲ್ಲಿದ್ದ 400 ಮಿ.ಗ್ರಾಂ ಅಲ್ಲೇ ಉಳಿಯುತ್ತದೆ. ದಿನವೂ ಅದೇ ನೀರನ್ನು ಮೇಲಿಂದ ತುಂಬಿಸುತ್ತ ಹೋದರೆ, ವರ್ಷವಿಡೀ ಇದೇ ಲೆಕ್ಕವಾದರೆ 146 ಗ್ರಾಂ. ನೀರು ಬದಲಿಸುವಾಗ ಒಂದಿಷ್ಟು ಹೊರಗೆ ಹೋಗುತ್ತದೆ. ಮಿಕ್ಕಿದ್ದರಲ್ಲಿ ಬಹುಪಾಲು ನೀರಿನ ಗೆರೆಯ ಹತ್ತಿರ, ಹನಿ ಸಿಡಿದು ಒಣಗುವ ಕಡೆ, ಹಕ್ಕಳೆಯಾಗಿ ಕೂರುತ್ತದೆ. ಆರ್‌ಓ ಯಂತ್ರ ಹೊರಬಿಡುವ ವೇಸ್ಟ್ ನೀರನ್ನು ‘ಸುಮ್ಮನೆ ಯಾಕೆ ಚೆಲ್ಲಬೇಕು’ ಎಂದು ಟ್ಯಾಂಕಿಗೆ ಹಾಕುವವರಿದ್ದಾರೆ. ಅದು ಬೋರ್ ನೀರಿಗಿಂತಲೂ ಗಡುಸು.

ವಿನೆಗರೋ ನಿಂಬೆ ಉಪ್ಪೋ

ನಿಜವಾದ ಆಯ್ಕೆ ಇರುವುದು ಇವೆರಡರ ನಡುವೆ. ಹಾಗಾಗಿ ಲೆಕ್ಕ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ದಿನಸಿ ಅಂಗಡಿಯ ಬಿಳಿ ವಿನೆಗರಿನಲ್ಲಿ ಶೇ. 4ರಿಂದ 5 ಅಸಿಟಿಕ್ ಆಸಿಡ್ ಇರುತ್ತದೆ, ಉಳಿದದ್ದು ನೀರು. ಒಂದು ಗ್ರಾಂ ಸುಣ್ಣ ಕರಗಬೇಕಾದರೆ ಶೇ. 4ರ ವಿನೆಗರ್ ಸುಮಾರು 30 ಮಿ.ಲೀ. ಬೇಕು. ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಸಿಡ್ ಹರಳು ಅದೇ ಒಂದು ಗ್ರಾಮಿಗೆ 1.4 ಗ್ರಾಂ ಸಾಕು. ಲೀಟರ್ ನೀರಿಗೆ 100 ಗ್ರಾಂ ಹಾಕಿ ಕಲಸಿದರೆ 14 ಮಿ.ಲೀ. ಆಯಿತು. ಎರಡಡಿ ಟ್ಯಾಂಕಿನ ಒಳಸುತ್ತಳತೆ ಸುಮಾರು 180 ಸೆಂ.ಮೀ. ಅದರ ಸುತ್ತ ಮೂರು ಬೆರಳಗಲದ ಪಟ್ಟಿಯಲ್ಲಿ 30 ಗ್ರಾಂ ಸುಣ್ಣವಿದೆ ಎಂದರೆ ವಿನೆಗರ್ ಬೇಕಾಗುವುದು 900 ಮಿ.ಲೀ., ನಿಂಬೆ ಉಪ್ಪಾದರೆ 42 ಗ್ರಾಂ. ಬಟ್ಟೆಯನ್ನು ವಿನೆಗರಿನಲ್ಲಿ ಅದ್ದಿ ಎರಡು ಸಲ ಒರೆಸಿ ‘ಏನೂ ಆಗಲಿಲ್ಲ’ ಎನ್ನುವವರ ಬಟ್ಟೆಯಲ್ಲಿ ಇದ್ದದ್ದು 20 ಮಿ.ಲೀ. ಇರಬಹುದು. ಅದು ಮುಕ್ಕಾಲು ಗ್ರಾಮಿನಷ್ಟನ್ನೂ ಕರಗಿಸಲಾರದು.

ಹಾಗಾದರೆ ಯಾವಾಗಲೂ ನಿಂಬೆ ಉಪ್ಪೇ ಮೇಲಲ್ಲವೇ? ಅಲ್ಲ. ಅದರಲ್ಲೊಂದು ಮರ್ಮವಿದೆ. ಸುಣ್ಣದ ಜೊತೆ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಬಿಸಿ ನೀರಿನಲ್ಲಂತೂ ಇನ್ನೂ ಕಡಿಮೆ. ಗಂಟೆಗಟ್ಟಲೆ ಹಾಗೇ ಬಿಟ್ಟರೆ, ಅಥವಾ ಬೇಗ ಆಗಲೆಂದು ಬಿಸಿ ನೀರಲ್ಲಿ ಕಲಸಿ ಹಚ್ಚಿದರೆ, ಕರಗಿದ ಸುಣ್ಣ ಹೊಸ ಬಿಳಿ ಪದರವಾಗಿ ಅಲ್ಲೇ ಕೂರುತ್ತದೆ. ವಿನೆಗರಿನಿಂದ ಆಗುವ ಕ್ಯಾಲ್ಸಿಯಂ ಅಸಿಟೇಟ್ ಹಾಗಲ್ಲ. ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ ನೀರು ಹುಯ್ದರೆ ಹೋಗುತ್ತದೆ.

ಆದ್ದರಿಂದ ಹಚ್ಚಿ ಮಲಗುವ ಇರಾದೆಯಿದ್ದರೆ ವಿನೆಗರ್. ಪಕ್ಕದಲ್ಲೇ ಇದ್ದು 20–30 ನಿಮಿಷಕ್ಕೊಮ್ಮೆ ತೊಳೆದು ಮತ್ತೆ ಹಚ್ಚುವ ವ್ಯವಧಾನವಿದ್ದರೆ ತಣ್ಣೀರಿನಲ್ಲಿ ಕಲಸಿದ ನಿಂಬೆ ಉಪ್ಪು. ಪದರ ದಪ್ಪವಿದ್ದರೆ ಎರಡನೆಯದೇ ವಾಸಿ. ವಾಸನೆಯಿಲ್ಲ ಎಂಬುದು ಸಣ್ಣ ಲಾಭವೇನಲ್ಲ. ಬೋರ್ ನೀರಿನ ಕಬ್ಬಿಣದಿಂದ ಬಂದ ಕಂದು ಕಲೆಯನ್ನೂ ಅದು ಹಿಡಿದು ತರುತ್ತದೆ, ವಿನೆಗರಿಗೆ ಆ ಶಕ್ತಿ ಕಡಿಮೆ.

ಮನೆಯಲ್ಲಿ ನಿಂಬೆಹಣ್ಣಿದ್ದರೆ ಅದೂ ಆದೀತು. ರಸದಲ್ಲಿ ಶೇ. 5ರ ಆಸುಪಾಸು ಸಿಟ್ರಿಕ್ ಆಸಿಡ್ ಇರುತ್ತದೆ. ಆದರೆ ಒಂದು ಟ್ಯಾಂಕಿಗೆ ಎಷ್ಟು ಹಣ್ಣು ಹಿಂಡುತ್ತೀರಿ? ಹಿತ್ತಾಳೆ ಪಾತ್ರೆಯ ನೆನಪಿನಲ್ಲಿ ಹುಣಸೆಹಣ್ಣು ಹಚ್ಚುವವರಿದ್ದಾರೆ. ಅದು ಬೇಡ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಸಿಡ್ ಸುಣ್ಣದ ಜೊತೆ ಸೇರಿದರೆ ಆಗುವ ಪದಾರ್ಥವೂ ನೀರಿಗೆ ಕರಗದ್ದೇ. ಇನ್ನು ವಿನೆಗರಿಗೆ ಬೇಕಿಂಗ್ ಸೋಡಾ ಬೆರೆಸಿ ಬುರುಗು ಬರಿಸುವ ಉಪಾಯ. ನೋಡುವುದಕ್ಕೆ ಚಂದ, ಕೆಲಸಕ್ಕೆ ಶೂನ್ಯ. ಸುಣ್ಣವನ್ನು ತಿನ್ನಬೇಕಿದ್ದ ಹುಳಿ ಸೋಡಾವನ್ನು ತಿಂದು ಮುಗಿಯುತ್ತದೆ. ಸೋಡಾ ಬೇಕೆಂದರೆ ಕೊನೆಯಲ್ಲಿ, ಹುಳಿಯೆಲ್ಲ ತೊಳೆದ ಮೇಲೆ, ಒದ್ದೆ ಬಟ್ಟೆಗೆ ಹಚ್ಚಿ ಉಜ್ಜಿ. ಗಾಜಿಗಿಂತ ಮೆತ್ತಗಿನ ಪುಡಿಯಾದ್ದರಿಂದ ಗೀರು ಬೀಳುವುದಿಲ್ಲ.

ಹಚ್ಚುವ ಕ್ರಮ

24 × 12 × 12 ಇಂಚಿನ ಟ್ಯಾಂಕ್ ಸುಮಾರು 57 ಲೀಟರ್ ಹಿಡಿಯುತ್ತದೆ. ಅಷ್ಟಕ್ಕೂ ವಿನೆಗರ್ ತುಂಬುವವರಿಲ್ಲ. ನೀರಲ್ಲಿ ಬೆರೆಸಿ ತುಂಬಿದರೆ ಕಲೆಯಿಲ್ಲದ ಕಡೆಗೆಲ್ಲ ಹುಳಿ ಹಂಚಿಹೋಗಿ ಪಟ್ಟಿಗೆ ತಾಗುವುದು ಬರೀ ಹುಳಿನೀರು. ಟ್ಯಾಂಕನ್ನು ಮಗ್ಗುಲಿಗೆ ಮಲಗಿಸಿ ಹುಯ್ದರೂ ಆಗದು. ಪಟ್ಟಿ ಇರುವುದು ತೆರೆದ ಬಾಯಿಯ ಹತ್ತಿರ, ಹುಯ್ದದ್ದೆಲ್ಲ ಅಲ್ಲಿಂದಲೇ ಹೊರಗೆ ಹರಿಯುತ್ತದೆ.

ಕೆಲಸಕ್ಕೆ ಬರುವುದು ಟಿಶ್ಯೂ ಪೇಪರ್. ಟ್ಯಾಂಕನ್ನು ಥರ್ಮೋಕೋಲ್ ಶೀಟಿನ ಮೇಲೆ ಒಂದು ಗಾಜು ಕೆಳಗೆ ಬರುವಂತೆ ಮಲಗಿಸಿ. ಟಿಶ್ಯೂವನ್ನು ಪಟ್ಟಿಯ ಅಗಲಕ್ಕಿಂತ ಅರ್ಧ ಇಂಚು ಹೆಚ್ಚಾಗುವಂತೆ ನಾಲ್ಕು ಮಡಿಕೆ ಮಡಚಿ, ಕಲೆಯ ಮೇಲೆ ಹಾಸಿ. ಆಮೇಲೆ ಅದರ ಮೇಲೆ ಚಮಚದಲ್ಲಿ ವಿನೆಗರ್ ಬಿಡಿ. ಅದ್ದಿ ತಂದರೆ ದಾರಿಯಲ್ಲೇ ಅರ್ಧ ಸೋರುತ್ತದೆ, ಹರಿಯುತ್ತದೆ. ಒಂದು ಉದ್ದನೆಯ ಗಾಜಿಗೆ 50–60 ಮಿ.ಲೀ. ಸಾಕು. ಟಿಶ್ಯೂ ಕೆಳಗೆ ಗಾಳಿಗುಳ್ಳೆ ಉಳಿಯದಂತೆ ಬೆರಳಿಂದ ಒತ್ತಿ. ಗುಳ್ಳೆ ಉಳಿದ ಕಡೆ ಬೆಳಿಗ್ಗೆ ಬಿಳಿ ದ್ವೀಪದಂತೆ ಕಲೆ ಹಾಗೇ ಇರುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಹಾಲಿನ ಕವರ್ ಸೀಳಿದ್ದಾದರೂ ಸರಿ. ಇಲ್ಲದಿದ್ದರೆ ಗಂಟೆಯೊಳಗೆ ಟಿಶ್ಯೂ ಒಣಗಿ ಕೆಲಸ ನಿಲ್ಲುತ್ತದೆ. ಒಂದು ಗಾಜು ಮುಗಿದ ಮೇಲೆ ಟ್ಯಾಂಕ್ ಹೊರಳಿಸಿ ಇನ್ನೊಂದು. ನಾಲ್ಕು ಗಾಜಿಗೆ ನಾಲ್ಕು ಸರದಿ. ಪದರ ದಪ್ಪವಿದ್ದಷ್ಟೂ ಸುತ್ತು ಹೆಚ್ಚು.

ಜಾಗದ ಬಗ್ಗೆ ಒಂದು ಮಾತು. ಶಹಾಬಾದ್ ಕಲ್ಲು, ಕಡಪ ಕಲ್ಲು, ಮಾರ್ಬಲ್, ಮೊಸಾಯಿಕ್ ಎಲ್ಲ ಸುಣ್ಣದ ವಂಶದವೇ. ಗಾಜಿನ ಕಲೆ ತಿನ್ನುವ ಹುಳಿ ನೆಲವನ್ನೂ ತಿನ್ನುತ್ತದೆ. ಹೊಳಪು ಹೋದ ಮಚ್ಚೆ ಮತ್ತೆ ಪಾಲಿಶ್ ಮಾಡಿಸುವ ತನಕ ಹೋಗದು. ರೆಡ್ ಆಕ್ಸೈಡ್ ನೆಲಕ್ಕೂ ಇದೇ ಗತಿ. ತಾರಸಿಯಲ್ಲಿ, ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸಿಕೊಂಡು ಮಾಡಿ. ಟ್ಯಾಂಕಿನಲ್ಲಿದ್ದ ಮಾರ್ಬಲ್ ಚೂರು, ಚಿಪ್ಪು, ಹವಳದ ಕಲ್ಲುಗಳನ್ನೂ ಹುಳಿಯಿಂದ ದೂರವಿಡಿ.

ಬ್ಲೇಡ್

ಪದರ ಒಂದು ಪೈಸೆ ನಾಣ್ಯದ ದಪ್ಪಕ್ಕೆ ಬಂದಿದ್ದರೆ ಎಲ್ಲವನ್ನೂ ಹುಳಿಯಿಂದಲೇ ಕರಗಿಸುವುದು ದಂಡ. ಒಂದು ಸುತ್ತು ನೆನೆಸಿ, ಮೆದುವಾದ ಮೇಲೆ ಬ್ಲೇಡಿನಿಂದ ಎಬ್ಬಿಸಿ, ಉಳಿದ ತೆಳು ಪೊರೆಗೆ ಮಾತ್ರ ಮತ್ತೆ ಹುಳಿ. ಹಸಿರು ಚುಕ್ಕೆ ಪಾಚಿಗೂ ಬ್ಲೇಡಿಗಿಂತ ಬೇಗ ಆಗುವ ಉಪಾಯ ಬೇರೊಂದಿಲ್ಲ.

ಪೇಂಟ್ ಕೆರೆಯುವ ಹಿಡಿಯಿರುವ, ಒಂದೇ ಬದಿ ಬಾಯಿರುವ ಬ್ಲೇಡ್ ತನ್ನಿ. ಗಡ್ಡದ ಬ್ಲೇಡ್ ತೆಳು, ಬಾಗಿ ಮುರಿಯುತ್ತದೆ. ಗಾಜು ಒದ್ದೆಯಿರಲಿ. ಬ್ಲೇಡನ್ನು ಗಾಜಿಗೆ 30 ಡಿಗ್ರಿಯಷ್ಟು ಓರೆಯಾಗಿ ಮಲಗಿಸಿ, ಒಂದೇ ದಿಕ್ಕಿಗೆ ತಳ್ಳಿ. ಹಿಂದಕ್ಕೆ ಎಳೆಯುವಾಗ ಮೇಲೆತ್ತಿ. ಹಿಂದೆಮುಂದೆ ಆಡಿಸಿದರೆ ಅಡಿಯಲ್ಲಿ ಸಿಕ್ಕಿದ ಮರಳಿನ ಕಣ ಗಾಜಿನ ಮೇಲೆ ಗೀರೆಳೆಯುತ್ತದೆ. ಗಾಜನ್ನು ಗೀರುವುದು ಹೆಚ್ಚಾಗಿ ಬ್ಲೇಡಲ್ಲ, ಮರಳು. ಹಾಗಾಗಿ ಶುರು ಮಾಡುವ ಮೊದಲೇ ಟ್ಯಾಂಕನ್ನು ಎರಡು ಸಲ ನೀರಲ್ಲಿ ಜಾಲಾಡಿಸಿ ಮರಳೆಲ್ಲ ಹೊರಹಾಕಿ. ಬ್ಲೇಡಿನ ಬಾಯಿಯನ್ನು ಬಟ್ಟೆಯ ಮೇಲೆ ಸವರಿ ನೋಡಿ, ನೂಲು ಸಿಕ್ಕಿಕೊಂಡರೆ ಹಲ್ಲು ಬಿದ್ದಿದೆ, ಬದಲಿಸಿ.

ಸಿಲಿಕೋನ್‌ನಿಂದ ಅರ್ಧ ಇಂಚು ದೂರದಲ್ಲೇ ಬ್ಲೇಡ್ ನಿಲ್ಲಿಸಿ. ಮೂಲೆಯ ಸಿಲಿಕೋನ್ ಅಂಚು ಒಂದು ಕಡೆ ಎದ್ದರೂ ಅದರಡಿ ನೀರು, ಪಾಚಿ ನುಗ್ಗಿ ಕ್ರಮೇಣ ಪೂರ್ತಿ ಬಿಡಿಸುತ್ತದೆ. ಆ ಅರ್ಧ ಇಂಚಿಗೆ ಹಳೇ ಎಟಿಎಂ ಕಾರ್ಡ್ ಸಾಕು.

ಅಡುಗೆಮನೆಯ ಹಸಿರು ಸ್ಕ್ರಬ್ಬರ್ ಬ್ಲೇಡಿಗಿಂತ ಸೌಮ್ಯ ಎಂದು ಅನಿಸುತ್ತದೆ. ನಿಜ ತಿರುಗಾಮುರುಗಾ. ಅಂಥ ಸ್ಕ್ರಬ್ಬರ್‌ಗಳಲ್ಲಿ ಸೇರಿಸುವ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಗಾಜಿಗಿಂತ ಎಷ್ಟೋ ಗಟ್ಟಿ. ಬಿಸಿಲಿಗೆ ಹಿಡಿದರೆ ಕಾಣುವ ಸಾವಿರ ಗೆರೆಗಳು ಅದರದೇ ಕೊಡುಗೆ.

ಟಾಯ್ಲೆಟ್ ಆಸಿಡ್

ಕೆಲಸ ಮಾಡುತ್ತದೆ, ನಿಮಿಷಗಳಲ್ಲಿ. ಆದರೂ ಬೇಡ. ಟಾಯ್ಲೆಟ್ ತೊಳೆಯುವ ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಒಂದೇ ಇರುವುದಿಲ್ಲ. ಬಣ್ಣ, ಸುಗಂಧ, ಸೋಪಿನ ಗುಣದ ಪದಾರ್ಥ ಎಲ್ಲ ಇರುತ್ತವೆ. ಮೀನಿನ ಕಿವಿರಿಗೆ ಕೊನೆಯದು ಬಲು ಕೆಟ್ಟದ್ದು, ಎಷ್ಟು ತೊಳೆದರೂ ಪೂರ್ತಿ ಹೋಯಿತೆಂಬ ಖಾತ್ರಿಯಿಲ್ಲ. (ಪಾತ್ರೆ ಸೋಪು, ಬಟ್ಟೆ ಪುಡಿಗೂ ಇದೇ ಕಾರಣಕ್ಕೆ ಟ್ಯಾಂಕಿನಲ್ಲಿ ಜಾಗವಿಲ್ಲ.) ಬಿಡಿಯಾಗಿ ಸಿಗುವ ಆಸಿಡ್ ಮಾರಾಟಕ್ಕೆ 2013ರಿಂದ ಸುಪ್ರೀಂ ಕೋರ್ಟ್ ಕಟ್ಟುನಿಟ್ಟು ಹಾಕಿದೆ. ಹೊಗೆ ಕಣ್ಣು, ಗಂಟಲು ಸುಡುತ್ತದೆ, ಪಕ್ಕದ ಕಬ್ಬಿಣದ ಸ್ಟ್ಯಾಂಡಿಗೂ ತುಕ್ಕು ಹಿಡಿಸುತ್ತದೆ. ನಿಂಬೆ ಉಪ್ಪಿನಿಂದ ಎರಡು ಗಂಟೆಯಲ್ಲಿ ಆಗುವ ಕೆಲಸಕ್ಕೆ ಇಷ್ಟು ಪಾಡು ಯಾಕೆ?

ಪಾಚಿಗೆ, ಕಪ್ಪಿಗೆ, ರೋಗಾಣುವಿಗೆ: ಬ್ಲೀಚೋ ಪೆರಾಕ್ಸೈಡೋ

ಬ್ಲೀಚ್ ಯಾವಾಗಲೂ ಹುಳಿಯ ಸರದಿ ಮುಗಿದ ಮೇಲೆ. ಸುಣ್ಣದ ಪದರದ ಒಳಗೇ ಅಡಗಿದ ಪಾಚಿಗೂ ಬ್ಯಾಕ್ಟೀರಿಯಾಕ್ಕೂ ಅದು ಮೇಲಿಂದ ತಲುಪುವುದಿಲ್ಲ. ಆದರೆ ನಡುವೆ ಟ್ಯಾಂಕನ್ನು ಮೂರು ಸಲ ನೀರಿನಿಂದ ತೊಳೆಯಲೇಬೇಕು. ವಿನೆಗರ್ ಆಗಲಿ, ನಿಂಬೆ ಉಪ್ಪಾಗಲಿ, ಟಾಯ್ಲೆಟ್ ಆಸಿಡ್ ಆಗಲಿ, ಬ್ಲೀಚಿನ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ತಲೆಯನ್ನು ಟ್ಯಾಂಕಿನ ಒಳಗೆ ತೂರಿಸಿ ಉಜ್ಜುವ ಕೆಲಸವಿದು, ಗ್ಯಾಸ್ ನೇರ ಮೂಗಿಗೇ.

ಶೇ. 4–5ರ, ವಾಸನೆ ಸೇರಿಸದ ದ್ರವ ಬ್ಲೀಚ್ 50 ಮಿ.ಲೀ.ಗೆ ನೀರು ಸೇರಿಸಿ ಒಂದು ಲೀಟರ್ ಮಾಡಿ. ಒಳಗೆಲ್ಲ ಸವರಿ, ಒಣಗದಂತೆ ಮತ್ತೆ ಮತ್ತೆ ಸವರುತ್ತ 15 ನಿಮಿಷ ಬಿಡಿ. ಕಪ್ಪಾದ ಸಿಲಿಕೋನ್ ಮೇಲೆ ಇದೇ ದ್ರವದಲ್ಲಿ ಅದ್ದಿದ ಟಿಶ್ಯೂ ಒತ್ತಿಡಿ. ಸಿಲಿಕೋನ್‌ನ ಹೊರಮೈ ಕಪ್ಪು ಹೋಗುತ್ತದೆ. ಗಾಜಿಗೂ ಸಿಲಿಕೋನ್‌ಗೂ ನಡುವೆ ಸೇರಿದ ಕಪ್ಪು ಹೋಗುವುದಿಲ್ಲ. ಅದು ಅಲ್ಲಿಗೆ ಹೋಗಿದೆಯೆಂದರೆ ಅಂಟು ಬಿಡುತ್ತಿದೆ ಎಂದೇ ಅರ್ಥ. ಮೀನಿನ ಔಷಧದ ನೀಲಿ ಸಿಲಿಕೋನ್‌ಗೆ ಇಳಿದಿದ್ದರೂ ಹೋಗುವುದು ಕಷ್ಟ, ಅದರಿಂದ ತೊಂದರೆಯೇನಿಲ್ಲ.

ಬ್ಲೀಚಿಂಗ್ ಪೌಡರ್ ಬದಲಿಯಾಗದು. ಅದರಲ್ಲೇ ಸುಣ್ಣವಿದೆ, ಈಗಷ್ಟೇ ತೆಗೆದದ್ದನ್ನು ವಾಪಸ್ ತಂದು ಹಚ್ಚಿದಂತೆ. ಅಟ್ಟದ ಮೇಲೆ ಎರಡು ಬೇಸಿಗೆ ಕಂಡ ಹಳೇ ಬ್ಲೀಚ್ ಬಾಟಲಿಯನ್ನೂ ನಂಬಬೇಡಿ, ಶಾಖಕ್ಕೆ ಅದರ ಕಸುವು ಇಳಿದುಹೋಗಿರುತ್ತದೆ.

ಕೊನೆಯ ಜಾಲಾಡಿಕೆಗೆ ಹತ್ತು ಲೀಟರ್ ನೀರಿಗೆ ಒಂದು ಗ್ರಾಂ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, ಹಾಕಿಕೊಂಡರೆ ಉಳಿದ ಕ್ಲೋರಿನ್ ಮುರಿಯುತ್ತದೆ. ಆಮೇಲೆ ಒಂದು ದಿನ ಒಣಗಲು ಬಿಡಿ. ಮೂಗಿಗೆ ಬ್ಲೀಚ್ ವಾಸನೆ ಸಿಕ್ಕರೆ ಇನ್ನೊಂದು ಸುತ್ತು.

ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಮಾನ್ಯವಾಗಿ ಶೇ. 6ರದ್ದು. ಸಮಪ್ರಮಾಣ ನೀರು ಬೆರೆಸಿ ಶೇ. 3 ಮಾಡಿಕೊಳ್ಳಿ. ಕಲ್ಲು, ಕೊರಡು, ಪೈಪಿಗೆ ಅಂಟಿದ ಕಪ್ಪು ಗಡ್ಡದ ಪಾಚಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಅದು ಸತ್ತು, ಮುಂದಿನ ದಿನಗಳಲ್ಲಿ ಬಿಳಿಚಿ ಉದುರುತ್ತದೆ. ಕೊನೆಗೆ ಉಳಿಯುವುದು ನೀರು ಮತ್ತು ಆಮ್ಲಜನಕ ಮಾತ್ರ ಎಂಬುದು ಬ್ಲೀಚಿಗಿಂತ ಹೆಚ್ಚಿನ ನೆಮ್ಮದಿ. ಇಡೀ ಟ್ಯಾಂಕಿಗೆ ಮಾತ್ರ ಬ್ಲೀಚೇ ಅಗ್ಗ. ಪೆರಾಕ್ಸೈಡನ್ನು ವಿನೆಗರ್ ಜೊತೆ ಒಂದೇ ಬಾಟಲಿಯಲ್ಲಿ ಬೆರೆಸಿಡಬೇಡಿ, ಕಣ್ಣು ಚರ್ಮ ಸುಡುವ ಬೇರೊಂದು ಆಸಿಡ್ ಆಗುತ್ತದೆ.

ಹಳೇ ಮಾಲೀಕರ ಮೀನುಗಳು ಸೊರಗಿ, ಬೆನ್ನು ಬಾಗಿ, ಹುಣ್ಣಾಗಿ ಸತ್ತಿದ್ದವು ಎಂದು ಗೊತ್ತಾದರೆ ಬ್ಲೀಚ್ ಒಂದನ್ನೇ ನೆಚ್ಚಬೇಡಿ. ಮೀನಿನ ಕ್ಷಯದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಒಣಗಿದ ಗಾಜಿಗೆ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಆರಲು ಬಿಡಿ, ಹತ್ತಿರ ಬೆಂಕಿ ಬೇಡ. ಕೈಯ ಗಾಯದ ಮೂಲಕ ಮನುಷ್ಯರಿಗೂ ಆ ಬ್ಯಾಕ್ಟೀರಿಯಾ ಅಂಟಬಲ್ಲದು. ಯಾರದೋ ಟ್ಯಾಂಕ್ ತೊಳೆಯುವಾಗ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ ಎನ್ನುವುದು ಇದಕ್ಕೇ.

ಬಿಡಿ ಸಾಮಾನು

ಫಿಲ್ಟರಿನ ತಿರುಗುವ ಚಕ್ರ, ಪೈಪು, ಹೀಟರಿನ ಗಾಜಿನ ಭಾಗಕ್ಕೆ ಲೀಟರಿಗೆ 50 ಗ್ರಾಂ ನಿಂಬೆ ಉಪ್ಪಿನ ನೀರು ಅರ್ಧ ಗಂಟೆ ಸಾಕು. ಹೀಟರಿನ ವೈರ್ ಬರುವ ತಲೆ ಮುಳುಗಿಸಬೇಡಿ. ಸ್ಪಂಜು, ಏರ್ ಸ್ಟೋನ್, ಏರ್ ಟ್ಯೂಬ್ ಎಸೆಯಿರಿ, ಹೊಸದಕ್ಕೆ ದೊಡ್ಡ ಖರ್ಚಿಲ್ಲ. ಪೊಟ್ಯಾಶಿಯಂ ಪರ್ಮಾಂಗನೇಟ್ ಬಿಟ್ಟುಹೋದ ಕಂದು ಕಲೆಗೆ ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಹಚ್ಚಿದರೆ ಕಣ್ಣೆದುರೇ ಮಾಯ. ಹೊರಗೋಡೆಯ ಪೋಸ್ಟರ್ ಗೋಂದಿಗೆ ಕೊಬ್ಬರಿ ಎಣ್ಣೆ, ಹೊರಗೆ ಮಾತ್ರ. ಸೀಗಡಿ, ಬಸವನಹುಳು ಸಾಕುವ ಯೋಚನೆಯಿದ್ದರೆ ಸುಣ್ಣದ ಕೊನೆಯ ಚೂರೂ ಹೋಗಬೇಕು. ಹಿಂದೆ ಹಾಕಿದ್ದ ತಾಮ್ರದ ಔಷಧ ಅದರಲ್ಲಿ ಕೂತಿರುವುದುಂಟು.

ನೀರು ತುಂಬಿ ನೋಡುವುದು

ಮಾರುವವರು ನೀರು ತುಂಬಿಸಿ ‘ನೋಡಿ, ಸೋರುವುದಿಲ್ಲ’ ಎಂದು ತೋರಿಸಿದ್ದರೂ, ತೊಳೆದ ಮೇಲೆ ಇನ್ನೊಮ್ಮೆ ಪರೀಕ್ಷೆ ಆಗಲೇಬೇಕು. ಸಿಲಿಕೋನ್ ಸಣ್ಣಗೆ ಬಿಟ್ಟ ಕಡೆ ಸುಣ್ಣವೇ ಸೇರಿಕೊಂಡು ತೂತು ಮುಚ್ಚಿರುತ್ತದೆ. ಹುಳಿ ಹಚ್ಚಿದಾಗ ಆ ಬೆಣೆಯೂ ಕರಗುತ್ತದೆ. ಮಟ್ಟವಾದ ಜಾಗದಲ್ಲಿ, ಥರ್ಮೋಕೋಲ್ ಮೇಲೆ, ಸುತ್ತ ಒಣ ನ್ಯೂಸ್‌ಪೇಪರ್ ಹಾಸಿ ಟ್ಯಾಂಕ್ ಇಡಿ. ಕಾಲುಭಾಗ ತುಂಬಿಸಿ ಒಂದು ಗಂಟೆ, ಅರ್ಧ ತುಂಬಿಸಿ ಇನ್ನೊಂದು ಗಂಟೆ, ಪೂರ್ತಿ ತುಂಬಿಸಿ 48 ಗಂಟೆ. 57 ಲೀಟರ್ ಎಂದರೆ 57 ಕೆ.ಜಿ., ತುಂಬಿದ ಮೇಲೆ ಸರಿಸಲು ಹೋಗಬೇಡಿ. ಪೇಪರ್ ಒದ್ದೆಯಾದರೆ ಯಾವ ಮೂಲೆಯ ಅಡಿ ಎಂದು ಗುರುತು ಹಾಕಿ ನೀರು ಖಾಲಿ ಮಾಡಿ. ಹಳೇ ಸಿಲಿಕೋನ್ ಮೇಲೆ ಹೊಸದನ್ನು ಮೆತ್ತಿದರೆ ಹಿಡಿಯುವುದಿಲ್ಲ. ಒಳಗಿನ ಅಂಚಿನ ಸಿಲಿಕೋನ್ ಪೂರ್ತಿ ಕೆರೆದು, ಆಲ್ಕೋಹಾಲ್‌ನಲ್ಲಿ ಒರೆಸಿ, ಫಂಗಸ್ ತಡೆಯುವ ಔಷಧ ಬೆರೆಸದ ಸಿಲಿಕೋನ್ ಎಳೆದು, ವಿನೆಗರಿನಂಥ ವಾಸನೆ ಪೂರ್ತಿ ಹೋಗುವ ತನಕ ಕಾಯಿರಿ. ಆಮೇಲೆ ಮತ್ತೆ ಕಾಲುಭಾಗ ನೀರಿನಿಂದ ಶುರು.